ಬಾಸ್ಟನ್‌ನ ಸ್ಮಶಾನದಲ್ಲಿ ಸಾಲದ ಮಾತು

ಮೊದಲೇ ಹೇಳಿಬಿಡುತ್ತೇನೆ, ಅಮೆರಿಕದಲ್ಲಿ ತಾರೀಕು ಬರೆಯುವಾಗ ತಿಂಗಳು ಮೊದಲು, ದಿನ ಆಮೇಲೆ. ಜೂನ್ 7 ಅಂದುಕೊಂಡು 07/06 ಒತ್ತಿದೆ, ಜುಲೈ 6ಕ್ಕೆ ಟೂರ್ ಬುಕ್ ಆಯಿತು. ದುಡ್ಡು ವಾಪಸ್ ಕೊಡಲ್ಲವಂತೆ. ಮೂರು ಟಿಕೆಟ್! ಇನ್ನೂ ಹೊಟ್ಟೆ ಉರಿಯುತ್ತೆ.

ಗೈಡ್ ಇಲ್ಲದೆ ನಾನು, ಅಕ್ಕ, ಭಾವ ಊರಿನ ಹಳೇ ಜಾಗಗಳನ್ನು ಜೋಡಿಸುವ ಫ್ರೀಡಂ ಟ್ರೇಲ್ ಎಂಬ ದಾರಿಯ ಕೆಂಪು ಗೆರೆ ಹಿಡಿದು ನಡೆದೆವು. ಕಿಂಗ್ಸ್ ಚಾಪೆಲ್ ಎಂಬ ಚರ್ಚಿನ ಪಕ್ಕದ ಸ್ಮಶಾನದಲ್ಲಿ ಕಾಲು ನೋವು ಅಂತ ನಿಂತವರು ಅಲ್ಲೇ ಒಂದು ಗಂಟೆ ಕಳೆದೆವು. ಸುತ್ತ ಎತ್ತರದ ಕಟ್ಟಡಗಳು, ನಡುವೆ ವಾಲಿಕೊಂಡ ಕಲ್ಲುಗಳು. ಅಲ್ಲಿ ಜಾನ್ ವಿನ್‌ಥ್ರಪ್ ಸಮಾಧಿ ಇದೆ. 1630ರಲ್ಲಿ ಇಂಗ್ಲೆಂಡಿನಿಂದ ಪ್ಯೂರಿಟನ್ನರು ಎಂಬ ಕಟ್ಟುನಿಟ್ಟಿನ ಕ್ರೈಸ್ತರ ಜೊತೆ ಬಂದು ಮ್ಯಾಸಚೂಸೆಟ್ಸ್ ಗವರ್ನರ್ ಆಗಿದ್ದವನು.

'ನಾವು ಬೆಟ್ಟದ ಮೇಲಿನ ಊರು' ಎಂದವನು ಇವನೇ. ಅಮೆರಿಕದ ಅಧ್ಯಕ್ಷರು ಕೆನಡಿ, ರೇಗನ್ ಎಲ್ಲರೂ ಆ ಮಾತು ಎತ್ತಿಕೊಂಡವರೇ. ನಾನೂ ಅದು ಜಂಬದ ಮಾತು ಅಂದುಕೊಂಡಿದ್ದೆ. ಫೋನಿನಲ್ಲಿ ಆ ಮಾತಿರುವ ಅವನ ಇಡೀ ಉಪದೇಶ ತೆಗೆದು ಓದಿದರೆ ಅದು ಎಚ್ಚರಿಕೆ: ಎಲ್ಲರ ಕಣ್ಣೂ ನಮ್ಮ ಮೇಲಿದೆ, ತಪ್ಪಿದರೆ ಊರೂರಲ್ಲಿ ನಗೆಪಾಟಲು. ಅದೂ ಕೊನೆಗೆ ಬರುತ್ತದೆ. ಅದಕ್ಕೆ ಮುಂಚೆ ಇರುವುದು ಕೊಡುವ, ಬಿಡುವ ಮಾತು.

"ಸಾಲದ ಬಗ್ಗೆ ಏನಂತಾನೆ?" ಎಂದರು ಭಾವ. ಮೈಸೂರಿನ ತಮ್ಮನಿಗೆ ಸೈಟಿಗೆಂದು ದುಡ್ಡು ಕೊಟ್ಟು ಕೂತಿದ್ದಾರೆ, ಪಾಪ.

"ತೀರಿಸೋ ಶಕ್ತಿ ಇದ್ದವನಿಗೆ ಕೊಟ್ಟರೆ ಅದು ವ್ಯಾಪಾರ ಅಂತೆ, ಭಾವ. ಏನೂ ಇಲ್ಲದವನಿಗೆ ಸಾಲ ಅನ್ನಬೇಡ, ಅವನ ಕಷ್ಟ ನೋಡಿ ಹಾಗೇ ಕೊಟ್ಟುಬಿಡು. ತೀರಿಸಬಹುದು ಅನ್ನಿಸಿದರೆ, ಮುಳುಗೋ ಭಯ ಇದ್ರೂ ಕೊಡು."

"ಮುಳುಗಿದ ಮೇಲೆ?"

"ಬಿಟ್ಟುಬಿಡು. ಅಡ ಇಟ್ಟುಕೊಂಡಿದ್ರೆ ಮಾತು ಬೇರೆ."

"ತಮ್ಮನ ಹತ್ರ ಯಾರು ಅಡ ಇಸ್ಕೋತಾರೆ ಕಣೋ!" ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಭಾವ ಮಾತ್ರ ಫೋನ್ ಇಸಿದುಕೊಂಡು ಆ ಸಾಲನ್ನು ಎರಡು ಸಲ ಓದಿದರು.

ಮಧ್ಯಾಹ್ನದ ಕ್ಲಾಮ್ ಚೌಡರ್ (ಚಿಪ್ಪುಮೀನಿನ ಸೂಪ್) ಬಗ್ಗೆ ಜಾಸ್ತಿ ಹೇಳಲ್ಲ. ಉಪ್ಪಿಲ್ಲದ ಗಂಜಿ.

ಸಂಜೆ ಸ್ಟೇಟ್ ಹೌಸ್, ಅಂದರೆ ರಾಜ್ಯದ ಶಾಸನಸಭೆ ಕಟ್ಟಡದ ಮುಂದೆ ಖುಷಿ ಸ್ವಲ್ಪ ಇಳಿಯಿತು. ಅಲ್ಲಿ ಆ್ಯನ್ ಹಚಿನ್ಸನ್ ಪ್ರತಿಮೆ ಇದೆ. ಮನೆಯಲ್ಲಿ ಜನ ಸೇರಿಸಿ ಧರ್ಮದ ಬಗ್ಗೆ ಮಾತಾಡುತ್ತಿದ್ದವಳು. 1637ರಲ್ಲಿ ಅವಳನ್ನು ವಿಚಾರಣೆ ಮಾಡಿ ಗಡಿಪಾರು ಮಾಡಿದಾಗ ಗವರ್ನರ್ ಕುರ್ಚಿಯಲ್ಲಿದ್ದವನು ಇದೇ ವಿನ್‌ಥ್ರಪ್. ಅಷ್ಟೆಲ್ಲ ಪ್ರೀತಿ ಒಳಗಿನವರಿಗೆ ಮಾತ್ರ, ಅಲ್ವಾ? ಇನ್ನೊಂದು ಕಡೆ ಮೇರಿ ಡೈಯರ್ ಪ್ರತಿಮೆ. ಕ್ವೇಕರ್ ಎಂಬ ಬೇರೆ ಕ್ರೈಸ್ತ ಪಂಥದವಳು ಆಗಿದ್ದಕ್ಕೆ ಊರು ಬಿಡಿಸಿದರೂ ಮತ್ತೆ ಮತ್ತೆ ಬಂದಳು. ವಿನ್‌ಥ್ರಪ್ ಸತ್ತು ಹನ್ನೊಂದು ವರ್ಷಕ್ಕೆ, 1660ರಲ್ಲಿ, ಇದೇ ಬಾಸ್ಟನ್‌ನಲ್ಲಿ ಗಲ್ಲಿಗೇರಿಸಿದರು.

ಪ್ರತಿಮೆಯಲ್ಲಿ ಮೇರಿ ಬೆಂಚಿನ ಮೇಲೆ ತಲೆ ತಗ್ಗಿಸಿ, ತೊಡೆ ಮೇಲೆ ಕೈ ಇಟ್ಟುಕೊಂಡು ಕೂತಿದ್ದಾಳೆ. ಅಕ್ಕ ಬೇಲಿ ಹಿಡಿದು ನೋಡಿದಳು.

"ಸುಮ್ನೆ ಬಸ್ಸಿಗೆ ಕಾಯೋ ಥರ ಇದಾಳಲ್ಲೋ."