ಬದುಕಿಸಿದವನಿಗೇ ಶ್ರದ್ಧಾಂಜಲಿ

ಆ ಆಟದ ಹೆಸರು ಬೇಡ. ಕಥೆಗೇ ಹೆಸರಾದ ರೋಲ್ ಪ್ಲೇಯಿಂಗ್ ಗೇಮ್ ಅದು, ಅಂದರೆ ನಾವೇ ಒಂದು ಪಾತ್ರವಾಗಿ ಆಡುವ ವಿಡಿಯೋ ಆಟ. ಮೊದಲ ಭಾಗದಲ್ಲಿ ವಯಸ್ಸಾದ ಸೈನಿಕನೊಬ್ಬ ಸೆರೆಯಲ್ಲಿರುತ್ತಾನೆ. ಅವನನ್ನು ಬಿಡಿಸಬೇಕೆಂದರೆ ನನ್ನ ಹತ್ತಿರ ಇರುವ ಒಂದೇ ಒಂದು ಒಳ್ಳೆಯ ಕತ್ತಿಯನ್ನು ಕಾವಲುಗಾರನಿಗೆ ಕೊಡಬೇಕು. ಅರ್ಧ ಗಂಟೆ ಯೋಚಿಸಿದೆ. ಕೊಟ್ಟೆ. ಆಮೇಲೆ ಮೊಂಡು ಕತ್ತಿ ಹಿಡಿದು ಎಷ್ಟು ಸಲ ಸತ್ತೆನೋ ಲೆಕ್ಕವಿಲ್ಲ.

ಸುಮಾರು 40 ಗಂಟೆ ಆಡಿದ ಮೇಲೆ, ಒಂದು ಭಾನುವಾರ ರಾತ್ರಿ, ಮೂರನೇ ಭಾಗಕ್ಕೆ ಬಂದೆ. ಕೋಟೆಯ ಅಂಗಳದಲ್ಲಿ ಅವನ ಮಗಳು ಸಿಕ್ಕಳು. "ನಮ್ಮಪ್ಪನನ್ನು ಅಲ್ಲೇ ಸಾಯೋಕೆ ಬಿಟ್ಟು ಬಂದೆಯಲ್ಲ" ಎಂದು ಅತ್ತಳು. ಮಾತು ಚೆನ್ನಾಗಿತ್ತು, ಧ್ವನಿ ಅದಕ್ಕಿಂತ ಚೆನ್ನಾಗಿತ್ತು. ಆದರೆ ಆ ಅಪ್ಪ ಅವಳ ಹಿಂದೆಯೇ ನಿಂತಿದ್ದ, ಗೋಡೆ ಕಡೆ ಮುಖ ಮಾಡಿಕೊಂಡು.

ನಾನೂ ತಮ್ಮನೂ ಬಿದ್ದು ಬಿದ್ದು ನಕ್ಕೆವು. ಹಿಂದೆ ಉಳಿಸಿಟ್ಟಿದ್ದ ಹಳೆಯ ಸೇವ್ ತೆಗೆದು ಅಲ್ಲಿಂದ ಮತ್ತೆ ಆಡಿದೆ. ಮತ್ತೆ ಅದೇ ಅಳು. ಮೂರನೇ ಸಲ ನಗು ಬರಲಿಲ್ಲ. ಕತ್ತಿ ಕೊಟ್ಟದ್ದು, ಒದ್ದಾಡಿದ್ದು ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ತಮ್ಮ ಸಾಫ್ಟ್‌ವೇರ್ ಕೆಲಸದವನು. "ಫ್ಲ್ಯಾಗ್ ಸೆಟ್ ಆಗಿಲ್ಲ ಅಣ್ಣ, ಅಷ್ಟೇ" ಎಂದ. ನಾವು ಮಾಡುವ ಒಂದೊಂದು ಆಯ್ಕೆಯೂ ಆಟದ ಒಳಗೆ ಒಂದು ಚಿಕ್ಕ ಗುರುತಂತೆ. ಸೈನಿಕನನ್ನು ಬಿಡಿಸಿದರೆ 1, ಇಲ್ಲದಿದ್ದರೆ 0. ಸೇವ್ ಮಾಡುವಾಗ ಅದನ್ನು ಬರೆದಿಡಬೇಕು, ಲೋಡ್ ಮಾಡುವಾಗ ಓದಬೇಕು, ಎರಡು ಭಾಗ ದಾಟಿದ ಮೇಲೂ ಅದು ಹಾಗೇ ಇರಬೇಕು. ದೊಡ್ಡ ಆಟದಲ್ಲಿ ಇಂಥ ಗುರುತುಗಳು ಸಾವಿರಗಟ್ಟಲೆ, ಒಂದಕ್ಕೊಂದು ಹೆಣೆದುಕೊಂಡು. ಪರೀಕ್ಷೆ ಮಾಡುವವರಿಗೆ ಎಲ್ಲ ದಾರಿಯಲ್ಲೂ ನಡೆದು ನೋಡಲು ಆಗುವುದಿಲ್ಲ. ನನಗೋ ಇದು ತೀರಾ ಹೊಸ ವಿಷಯ. ಕಥೆ ಬರೆಯುವುದು ಒಬ್ಬರ ಕೆಲಸ, ಕೋಡ್ ಬರೆಯುವುದು ಇನ್ನೊಬ್ಬರ ಕೆಲಸ ಎಂದುಕೊಂಡಿದ್ದೆ. ಇಲ್ಲಿ ನನ್ನ ಪಾಲಿನ ಕಥೆ ಇದ್ದದ್ದೇ ಆ 1ರಲ್ಲಿ.

ಅಲ್ಲಿಯ ತನಕ ನಾನು "ಕಥೆ ಚೆನ್ನಾಗಿದ್ದರೆ ಸಾಕು" ಎನ್ನುವ ಗುಂಪಿನವನು. ಸಾಕ್ಷಿಗೆ ಸದಾ 1999ರ ಪ್ಲೇನ್‌ಸ್ಕೇಪ್: ಟಾರ್ಮೆಂಟ್ ಆಟವನ್ನು ಎಳೆದು ತರುತ್ತಿದ್ದೆ. ಸಣ್ಣ ಪರದೆ, ಚಿಕ್ಕ ಚಿಕ್ಕ ಗೊಂಬೆಗಳು, ಆಡುವುದಕ್ಕಿಂತ ಓದುವುದೇ ಜಾಸ್ತಿ. ಆದರೂ ಜನ ಇಂದಿಗೂ ನೆನೆಯುತ್ತಾರೆ. ಅವತ್ತು ಆ ಸಾಕ್ಷಿಯೇ ತಿರುಗಿಬಿತ್ತು. "ಅದನ್ನು ಮಾಡಿದವರು ಎಂಜಿನ್, ಅಂದರೆ ಆಟ ನಡೆಸುವ ಮೂಲ ಸಾಫ್ಟ್‌ವೇರ್, ಕಟ್ಟಲೇ ಇಲ್ಲವಲ್ಲ" ಎಂದ ತಮ್ಮ. ನಿಜ. 1998ರ ಬಾಲ್ಡರ್ಸ್ ಗೇಟ್‌ಗೆ ಬಯೋವೇರ್ ಕಂಪನಿ ಮಾಡಿದ್ದ ಇನ್ಫಿನಿಟಿ ಎಂಜಿನ್ನನ್ನೇ ಬಳಸಿದ್ದರು. ಅಡಿಪಾಯ ಹಾಕುವ ಕೆಲಸ ಆಗಲೇ ಮುಗಿದಿತ್ತು, ಇವರು ಮಾತಿನ ಮೇಲೆ ಮನಸ್ಸಿಡಬಹುದಿತ್ತು.

ಹಾಗಂತ ಅವನ ಮಾತಿಗೆಲ್ಲ ತಲೆಯಾಡಿಸಲಿಲ್ಲ. ಅವನಿಗೆ ಕೂದಲು ಗಾಳಿಗೆ ಹಾರಬೇಕು, ಕೆಸರಿನ ನೀರಲ್ಲಿ ಚಂದ್ರ ಕಾಣಬೇಕು. ನನಗೆ ಅದೆಲ್ಲ ಸುಮ್ನೆ ಖರ್ಚು ಅನ್ನಿಸುತ್ತದೆ. 2004ರ ವ್ಯಾಂಪೈರ್ ಆಟ ಬ್ಲಡ್‌ಲೈನ್ಸ್ ಬಗ್ಗೆ ಮಾತ್ರ ಇಬ್ಬರದೂ ಒಂದೇ ಮಾತು. ವಾಲ್ವ್ ಕಂಪನಿಯವರ ಸೋರ್ಸ್ ಎಂಜಿನ್ನಿನಿಂದ ಅದರಲ್ಲಿ ಮುಖಗಳಿಗೆ ಭಾವ ಬಂತು. ಎದುರಿಗಿದ್ದವಳು ಹುಬ್ಬು ಏರಿಸಿದರೆ ಸಾಕು, ಸುಳ್ಳು ಹೇಳುತ್ತಿದ್ದಾಳೆ ಅನ್ನಿಸುತ್ತಿತ್ತು. ಬರೆಯುವವನಿಗೆ ಮೂರು ಸಾಲು ಉಳಿತಾಯ. 2019ರ ಡಿಸ್ಕೋ ಎಲಿಸಿಯಮ್‌ನಲ್ಲಿ ಇಂಥ ಮುಖಗಳೂ ಇಲ್ಲ. ಪರದೆಯ ಬಲಕ್ಕೆ ಉದ್ದಕ್ಕೂ ಮಾತೇ ಮಾತು. ಆದರೆ ಮಾಡಹೊರಟ ಕೆಲಸ ಆಗುತ್ತದೋ ಇಲ್ಲವೋ ಎಂದು ದಾಳ ಉರುಳಿಸುವ ಮುಂಚೆ, ಹಿಂದೆ ಎಲ್ಲೋ ನಾವು ಆಡಿದ ಮಾತಿಗೆ ಒಂದು ಅಂಕ ಕೂಡುತ್ತದೆ, ಇಲ್ಲವೇ ಕಳೆಯುತ್ತದೆ. ಕಾರಣವನ್ನೂ ತೋರಿಸುತ್ತದೆ. ನನಗೆ ಬೇಕಾದ ತಂತ್ರಜ್ಞಾನ ಇದು. ಫೋಟೋ ತೆಗೆದು ತೋರಿಸಲು ಬಾರದ್ದು.

ಮರುದಿನ ಆಟ ಮಾಡಿದವರಿಗೆ ನನ್ನ ಸೇವ್ ಫೈಲ್ ಕಳಿಸಿದೆ. ಮೂರು ವಾರಕ್ಕೆ ತಪ್ಪು ತಿದ್ದುವ ಅಪ್‌ಡೇಟ್, ಅಂದರೆ ಪ್ಯಾಚ್ ಬಂತು. ಬದಲಾವಣೆಗಳ ಪಟ್ಟಿಯಲ್ಲಿ ನನ್ನ ಸೈನಿಕನಿಗೂ ಒಂದು ಸಾಲು ಇತ್ತು. ಖುಷಿಯಾಯಿತು. ಕೆಳಗೆ ಇನ್ನೊಂದು ಸಾಲು: ಹಳೆಯ ಸೇವ್‌ಗಳಿಗೆ ಇದು ಕೆಲಸ ಮಾಡದು, ಹೊಸದಾಗಿ ಶುರು ಮಾಡಬೇಕು.

ಶುರು ಮಾಡಿದೆ. ಅದೇ ಸೆರೆಮನೆ, ಅದೇ ಕಾವಲುಗಾರ. ಈ ಸಲ ಅರ್ಧ ಗಂಟೆ ಬೇಕಾಗಲಿಲ್ಲ. ಕತ್ತಿ ನನ್ನ ಹತ್ತಿರವೇ ಇದೆ.