ಕ್ಯಾಲಿಫೋರ್ನಿಯಾದಲ್ಲಿ ಡೈವೋರ್ಸ್ ಅಷ್ಟು ಸಲೀಸಾ?

ಊರಿಗೆ ಬಂದಾಗಲೆಲ್ಲ ಇದನ್ನೇ ಕೇಳ್ತೀರಿ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಬರೆದುಬಿಡ್ತೀನಿ. ಹೌದು, ಅಲ್ಲಿ ಯಾರ ತಪ್ಪನ್ನೂ ಸಾಬೀತು ಮಾಡಬೇಕಿಲ್ಲ. ಆದರೆ ಸಲೀಸಲ್ಲ.

ಫೆಬ್ರವರಿಯಲ್ಲಿ ತುಮಕೂರಿನ ಮದುವೆಯಲ್ಲಿ ದೊಡ್ಡಮ್ಮ ಎಲೆ ಮುಂದೆ ಕೂತೇ ಕೇಳಿದರು: “ಅಲ್ಲಿ ರೇಷನ್ ಕಾರ್ಡಿಗಿಂತ ಬೇಗ ಡೈವೋರ್ಸ್ ಸಿಗುತ್ತಂತಲ್ಲೇ? ಅದಕ್ಕೇ ಅಲ್ವಾ ನೀನೂ ಬಿಟ್ಟಿದ್ದು?” ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಆ ‘ಅದಕ್ಕೇ’ ಇದೆಯಲ್ಲ, ಹೊಟ್ಟೆ ಉರಿಯೋದು ಅದಕ್ಕೆ. ಕಾನೂನು ಇದೆ ಅಂತ ಯಾರೂ ಸಂಸಾರ ಬಿಡಲ್ಲ.

1970ಕ್ಕೆ ಮುಂಚೆ ಅಲ್ಲೂ ವ್ಯಭಿಚಾರವೋ ಕ್ರೌರ್ಯವೋ ತೋರಿಸಬೇಕಿತ್ತು. ಇಬ್ಬರಿಗೂ ಸಾಕಾಗಿದ್ದರೂ ಒಬ್ಬರು ಕಟಕಟೆ ಹತ್ತಿ ಇನ್ನೊಬ್ಬರನ್ನು ಕ್ರೂರಿ ಅನ್ನಬೇಕು. ಎಷ್ಟೋ ಜನ ಸುಳ್ಳೇ ಹೇಳ್ತಿದ್ದರು. ಗವರ್ನರ್ ಆಗಿದ್ದ ರೇಗನ್ 1969ರಲ್ಲಿ ಸಹಿ ಹಾಕಿದ ಕಾನೂನು ಅದನ್ನು ತಪ್ಪಿಸಿತು. ಉಳಿದ ರಾಜ್ಯಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು, ಕೊನೆಗೆ 2010ರಲ್ಲಿ ನ್ಯೂಯಾರ್ಕ್. ಎಪ್ಪತ್ತರ ದಶಕದಲ್ಲಿ ಡೈವೋರ್ಸ್ ಏರಿದ್ದು ನಿಜ. 1980ರ ಸುಮಾರಿಗೆ ಅಮೆರಿಕದಲ್ಲಿ ವರ್ಷಕ್ಕೆ ಸಾವಿರ ಜನಕ್ಕೆ 5 ದಾಟಿತ್ತು. ಈಗ ಅದರ ಅರ್ಧಕ್ಕಿಳಿದಿದೆ. ಕಾನೂನೇನೂ ಬಿಗಿಯಾಗಿಲ್ಲ.

ನನ್ನ ಅರ್ಜಿಯಲ್ಲಿ ಕಾರಣದ ಜಾಗದಲ್ಲಿದ್ದದ್ದು ಒಂದು ಪುಟ್ಟ ಚೌಕ: ಸರಿಹೋಗದ ಭಿನ್ನಾಭಿಪ್ರಾಯ. ಅದಕ್ಕೊಂದು ಗುರುತು ಹಾಕೋಕೆ ಮೂರು ರಾತ್ರಿ ಬೇಕಾಯ್ತು. ಅರ್ಜಿ ಗಂಡನ ಕೈಸೇರಿದ ಮೇಲೆ ಕಡೇಪಕ್ಷ 6 ತಿಂಗಳು ಕಾಯಬೇಕು. ಆದರೆ ನನ್ನ ಮಗನ ಅಪ್ಪ ಕೆಟ್ಟವನು ಅಂತ ಯಾವ ಕಾಗದದಲ್ಲೂ ಬರೆಯಬೇಕಾಗಿ ಬರಲಿಲ್ಲ. ಆ ಚೌಕಕ್ಕೆ ನಾನು ಋಣಿ.

ಕೇಳಲೇಬೇಕು ಅಂದ್ರೆ, ಡೈವೋರ್ಸೂ ಸಿಗದೆ ಸಂಸಾರವೂ ಇಲ್ಲದೆ ಎಷ್ಟು ಹೆಂಗಸರಿದ್ದಾರೆ ಅಂತ ಕೇಳಿ. ಅವತ್ತು ತುಪ್ಪ ಬಡಿಸ್ತಿದ್ದ ನಮ್ಮ ಚಿಕ್ಕಮ್ಮ 22 ವರ್ಷದಿಂದ ತವರಲ್ಲೇ ಇದ್ದಾರೆ. ಪರಸ್ಪರ ಒಪ್ಪಿಗೆಗೆ ಗಂಡ ಬರಲ್ಲ. ಅವರ ಮೇಲೆ ಕ್ರೌರ್ಯ ಹೊರಿಸಿ ಕೋರ್ಟಲ್ಲಿ ನಿಲ್ಲೋಕೆ ಇವರಿಗೆ ಮನಸ್ಸಿಲ್ಲ. ಮುರಿದ ಮದುವೆಯನ್ನು ಒಬ್ಬರು ಒಪ್ಪದಿದ್ದರೂ ತಾನು ರದ್ದು ಮಾಡಬಹುದು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಅಧಿಕಾರ ನಮ್ಮ ಫ್ಯಾಮಿಲಿ ಕೋರ್ಟಿಗಿಲ್ಲ, ಚಿಕ್ಕಮ್ಮ ದೆಹಲಿ ಕಂಡವರಲ್ಲ. ಡೈವೋರ್ಸಿನ ಯಾವ ಲೆಕ್ಕದಲ್ಲೂ ಅವರಿಲ್ಲ.

ದೊಡ್ಡಮ್ಮ ಅವರನ್ನು ಏನೂ ಕೇಳಲಿಲ್ಲ. “ಒಬ್ಬಟ್ಟಿನ ಮೇಲೆ ಇನ್ನೊಂಚೂರು ಹಾಕೇ” ಅಂದರು.