ಆಟಕ್ಕುಂಟು, ಲೆಕ್ಕಕ್ಕಿಲ್ಲ

2024 ಜುಲೈ 18, ಗುರುವಾರ, ರಾತ್ರಿ 10.40

ಗಾಲ್ಫ್ ಕ್ಲಬ್ಬಿನ ಕಮಿಟಿ ಮೀಟಿಂಗ್ ಮುಗಿಸಿ ಬಂದು ಊಟಕ್ಕೆ ಕೂತೆ. ಎರಡು ತುತ್ತು ಇಳಿಯಿತು, ಆಮೇಲೆ ಸಾಕು ಅನ್ನಿಸಿತು. "ಏನಾಯ್ತು?" ಅಂತ ಮನೆಯವಳು ಕೇಳಿದಳು. "ಏನಿಲ್ಲ, ಕ್ಲಬ್ಬಿನ ವಿಷಯ" ಅಂದೆ. ನಾಳೆ ಆಷಾಢ ಶುಕ್ರವಾರ. ದೇವಸ್ಥಾನಕ್ಕೆ ಬೇಗ ಹೋಗಬೇಕು ಅಂತ ಅವಳು ಮಲಗಿದ್ದಾಳೆ. ನನಗೆ ನಿದ್ದೆ ಬರುವ ಹಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಭಾನುವಾರ ತಿಂಗಳ ಪಂದ್ಯ ಇತ್ತು. ಆಷಾಢದ ಗಾಳಿ ಗೊತ್ತಲ್ಲ, ಬೆಂಗಳೂರಿನಲ್ಲಿ ಜುಲೈ ಬಂತೆಂದರೆ ಒಂದು ನಿಮಿಷ ಬಿಡುವುದಿಲ್ಲ. ಏಳನೇ ಹೋಲಿನಲ್ಲಿ ಬಾವುಟದ ಕೋಲು ಬಿಲ್ಲಿನ ಹಾಗೆ ಬಾಗಿತ್ತು. ಎತ್ತರಕ್ಕೆ ಹೊಡೆದ ಚೆಂಡು ಮುಂದೆ ಹೋಗುವ ಬದಲು ಪಕ್ಕದ ಫೇರ್‌ವೇಗೆ ಹೋಗಿ ಬೀಳುತ್ತಿತ್ತು. ಬಹಳ ಜನ 27, 28, 30 ಪಾಯಿಂಟಿಗೆ ನಿಂತರು. ನನಗೆ 36 ಬಂತು. ಈ ವರ್ಷದ ನನ್ನ ಒಳ್ಳೆಯ ಆಟ ಅದೇ. ಗೆದ್ದೆ ಅಂತಲೇ ಅಂದುಕೊಂಡಿದ್ದೆ. ಆಮೇಲೆ ಕೊನೆಯ ಗುಂಪು ಬಂತು. ಅದರಲ್ಲಿದ್ದ ಎಂಜಿನಿಯರ್ ಸಾರ್ 43 ಪಾಯಿಂಟಿನ ಕಾರ್ಡ್ ಕೊಟ್ಟರು.

ಗಾಲ್ಫ್ ಆಡದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ನಾವು ಆಡಿದ್ದು ಸ್ಟೇಬಲ್‌ಫೋರ್ಡ್ ಲೆಕ್ಕದ ಆಟ. ಇಂಗ್ಲೆಂಡಿನ ವಾಲಸಿ ಕ್ಲಬ್ಬಿನಲ್ಲಿ 1932ರಲ್ಲಿ ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫೋರ್ಡ್ ಶುರುಮಾಡಿದ್ದು. ಅಲ್ಲೂ ಸಮುದ್ರದ ಗಾಳಿಯ ಕಾಟವೇ. ಒಂದು ಹೋಲ್ ಕೆಟ್ಟರೆ ಇಡೀ ದಿನದ ಆಟ ಹಾಳಾಗಬಾರದು ಅಂತ ಪಾಯಿಂಟ್ ಪದ್ಧತಿ ತಂದರು. ನಿಮ್ಮ ಹ್ಯಾಂಡಿಕ್ಯಾಪ್ (ನಿಮ್ಮ ಆಟದ ಮಟ್ಟ ನೋಡಿ ಬಿಟ್ಟುಕೊಡುವ ಹೊಡೆತ) ಕಳೆದ ಮೇಲೆ ಒಂದು ಹೋಲಿನಲ್ಲಿ ಪಾರ್, ಅಂದರೆ ಆ ಹೋಲಿಗೆ ನಿಗದಿ ಮಾಡಿದಷ್ಟೇ ಹೊಡೆತ, ಬಂದರೆ 2 ಪಾಯಿಂಟ್. 18 ಹೋಲಿಗೆ 36. ಅಂದರೆ 36 ಬಂತು ಅಂದರೆ ನಿಮ್ಮ ಹ್ಯಾಂಡಿಕ್ಯಾಪಿಗೆ ಸರಿಯಾಗಿ ಆಡಿದಿರಿ ಅಂತ ಅರ್ಥ. 43 ಅಂದರೆ ಏಳು ಹೊಡೆತ ಉಳಿಸಿದ ಹಾಗೆ. ಅದೂ ಆ ಗಾಳಿಯಲ್ಲಿ.

ವರಾಂಡದಲ್ಲಿ ಹೆಸರು ಕೂಗಿದಾಗ ನಾಲ್ಕೈದು ಜನ ಮಾತ್ರ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದ ಟೇಬಲಿನಿಂದ ಒಬ್ಬರು, ಮೆಲ್ಲಗೇನೂ ಅಲ್ಲ, "22 ಅಂತೆ, 22! ಬ್ಯಾಂಡಿಟ್ ಕಣ್ರೀ" ಅಂದರು. 22 ಅಂದರೆ ಆ ದಿನ ಅವರಿಗೆ ಬಿಟ್ಟುಕೊಟ್ಟ ಹೊಡೆತ. ಬ್ಯಾಂಡಿಟ್ ಅಂದರೆ ಬೇಕಂತಲೇ ಹ್ಯಾಂಡಿಕ್ಯಾಪ್ ಜಾಸ್ತಿ ಇಟ್ಟುಕೊಂಡು ಗೆಲ್ಲುವವನು. ಎಂಜಿನಿಯರ್ ಸಾರ್ ಆಗ ಕಪ್ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಪೆನ್ಸಿಲ್ಲನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಆ ಕೈ ಜೇಬಿನ ಹತ್ತಿರ ಹಾಗೇ ನಿಂತಿತು. ಅವರಿಗೆ ಕೇಳಿಸಿತ್ತು. ಕಾಫಿ ಕುಡಿಯದೆ ಹೊರಟುಹೋದರು.

ನಾನು ಏನೂ ಮಾತಾಡಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಮನಸ್ಸಿನಲ್ಲೂ ಅದೇ ಅನುಮಾನ ಇತ್ತು.

ಚಿಕ್ಕವರಿದ್ದಾಗ ಬೀದಿಯಲ್ಲಿ ಆಡುವಾಗ ಪುಟ್ಟ ಮಕ್ಕಳನ್ನು "ಆಟಕ್ಕುಂಟು ಲೆಕ್ಕಕ್ಕಿಲ್ಲ" ಅಂತ ಸೇರಿಸಿಕೊಳ್ಳುತ್ತಿದ್ದೆವು. ಓಡಲಿ ಪಾಪ, ಔಟ್ ಆದರೂ ಔಟ್ ಅಲ್ಲ, ಗೆದ್ದರೂ ಗೆದ್ದ ಹಾಗಲ್ಲ. ಗಾಲ್ಫಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದರ ತದ್ವಿರುದ್ಧವಾದ ಒಂದು ಏರ್ಪಾಡು. 68 ವರ್ಷದವರು 30 ವರ್ಷದವನ ಎದುರು ಆಡಬಹುದು, ಇಬ್ಬರೂ ಲೆಕ್ಕಕ್ಕಿದ್ದಾರೆ. ಕಡಿಮೆ ಆಟ ಬರುವವನಿಗೆ ಹೊಡೆತ ಜಾಸ್ತಿ ಬಿಟ್ಟುಕೊಡುತ್ತೇವೆ. ಬೇರೆ ಯಾವ ಆಟದಲ್ಲಿ ಇದು ಇಷ್ಟು ಚೆನ್ನಾಗಿ ನಡೆಯುತ್ತೆ ಹೇಳಿ? ಆದರೆ ಇಷ್ಟೂ ನಿಂತಿರುವುದು ಒಂದು ಸಂಖ್ಯೆಯ ಮೇಲೆ. ಆ ಸಂಖ್ಯೆ ಬರುವುದು ನಾವೇ ಬರೆದುಕೊಡುವ ಕಾರ್ಡುಗಳಿಂದ.

2020ರಿಂದ ಎಲ್ಲ ಕಡೆ ಒಂದೇ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಬಂದಿದೆ. ಅದಕ್ಕೆ ಮುಂಚೆ ಪ್ರಪಂಚದಲ್ಲಿ ಆರು ಬೇರೆ ಬೇರೆ ಪದ್ಧತಿ ಇದ್ದವು. ಈಗ ನಿಮ್ಮ ಕೊನೆಯ 20 ಕಾರ್ಡ್ ತೆಗೆದುಕೊಂಡು, ಅದರಲ್ಲಿ ಚೆನ್ನಾಗಿರುವ 8ರ ಸರಾಸರಿ ಹಾಕುತ್ತಾರೆ. ಕೋರ್ಸ್ ಎಷ್ಟು ಕಷ್ಟ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಭಾನುವಾರದ ಹಾಗೆ ಗಾಳಿ ಹೊಡೆದು ಎಲ್ಲರ ಆಟವೂ ಕೆಟ್ಟರೆ ಅದಕ್ಕೂ ಒಂದು ತಿದ್ದುಪಡಿ ಇದೆ. ಬಹಳ ಜನ ಹ್ಯಾಂಡಿಕ್ಯಾಪ್ ಅಂದರೆ ತಮ್ಮ ಎಲ್ಲ ಆಟದ ಸರಾಸರಿ ಅಂದುಕೊಂಡಿದ್ದಾರೆ. ಅಲ್ಲ. ಅದು ನಿಮ್ಮ ಒಳ್ಳೆಯ ದಿನಗಳ ಸರಾಸರಿ. ಹಾಗಾಗಿ ಪ್ರಾಮಾಣಿಕವಾಗಿ ಆಡುವವನಿಗೆ 36 ಪಾಯಿಂಟ್ ಪ್ರತಿ ವಾರ ಬರುವುದಿಲ್ಲ. ಐದು ಸಲ ಆಡಿದರೆ ಒಂದು ಸಲ ಬಂದರೆ ಬಂತು.

ಮೋಸ ಮಾಡುವ ದಾರಿಗಳೂ ಎಲ್ಲರಿಗೂ ಗೊತ್ತು. ಚೆನ್ನಾಗಿ ಆಡಿದ ದಿನ ಕಾರ್ಡ್ ಹಾಕದೆ ಸುಮ್ನೆ ಇರುವುದು ಒಂದು. ಬೇಕಂತಲೇ ಕೆಟ್ಟದಾಗಿ ಆಡುವುದು ಇನ್ನೊಂದು. ಎರಡನೆಯದಕ್ಕೆ ಸ್ವಲ್ಪ ಕಡಿವಾಣ ಇದೆ. ಒಂದು ಹೋಲಿನಲ್ಲಿ ಹನ್ನೊಂದು ಹೊಡೆದರೂ ಹ್ಯಾಂಡಿಕ್ಯಾಪಿಗೆ ಒಂದು ಮಿತಿಯವರೆಗೆ ಮಾತ್ರ ಹಿಡಿಯುತ್ತಾರೆ. ಒಂದು ವರ್ಷದಲ್ಲಿ ನಿಮ್ಮ ಅತಿ ಕಡಿಮೆ ಸಂಖ್ಯೆಗಿಂತ 5ಕ್ಕಿಂತ ಜಾಸ್ತಿ ಮೇಲೆ ಹೋಗಲು ಬಿಡುವುದಿಲ್ಲ. ಆದರೆ ಹಾಕದೇ ಇರುವ ಕಾರ್ಡಿಗೆ ಕಂಪ್ಯೂಟರ್ ಏನು ಮಾಡೀತು?

ಮಂಗಳವಾರ ರೇಂಜ್ ಹತ್ತಿರ ನನ್ನ ಕ್ಯಾಡಿ ಸಿಕ್ಕಿದ್ದ. ಅವನು ಎಷ್ಟೋ ಸಲ ಎಂಜಿನಿಯರ್ ಸಾರ್‌ಗೂ ಬ್ಯಾಗ್ ಹೊರುತ್ತಾನೆ. ಒಂದೊಂದು ಶಾಟ್‌ಗೂ ಎಡಗೈಯ ಒಂದೊಂದು ಬೆರಳು ಮಡಚಿ ಎಣಿಸುವವನು ಅವನು. ಬೆರಳು ತಪ್ಪಿದ್ದನ್ನು ನಾನು ನೋಡಿಲ್ಲ. ಬೆಂಗಳೂರಿನ ಕ್ಯಾಡಿಗಳ ಕಣ್ಣೇ ಬೇರೆ. ಕ್ಯಾಡಿಯಾಗಿ ಬ್ಯಾಗ್ ಹೊತ್ತ ನಮ್ಮ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ನೇ ಗೆದ್ದವರಲ್ಲವಾ? ನಾನು ಏನೂ ಕೇಳಿರಲಿಲ್ಲ. ಅವನೇ ಹೇಳಿದ. "ಸಾರ್, ಬೇಕಂತ ಪಟ್ (ಹೋಲಿಗೆ ಚೆಂಡು ಉರುಳಿಸೋ ಹೊಡೆತ) ಬಿಡೋರು ಯಾರು ಅಂತ ನಮಗೆ ಗೊತ್ತು. ಹದಿನೇಳನೇ ಹೋಲ್ ಬರ್ತಿದ್ದಂಗೆ ಅವರ ಕೈ ನಡುಗೋಕೆ ಶುರುವಾಗುತ್ತೆ. ಇವರು ಅಂಥೋರಲ್ಲ ಸಾರ್."

ಅವನನ್ನು ಅಲ್ಲಿಗೇ ನಿಲ್ಲಿಸಿದೆ. ದಿನದ ಕೂಲಿಗೆ ಮೆಂಬರುಗಳನ್ನೇ ನಂಬಿಕೊಂಡಿರುವವನನ್ನು ಮೆಂಬರುಗಳ ಜಗಳಕ್ಕೆ ಸಾಕ್ಷಿ ಮಾಡಬಾರದು. ಮೀಟಿಂಗಿನಲ್ಲೂ ಆ ಮಾತು ಎತ್ತಲಿಲ್ಲ. ಇಲ್ಲಿ ಅವನ ಹೆಸರು ಬರೆಯದಿರುವುದೂ ಅದಕ್ಕೇ.

ಇವತ್ತು ಸಂಜೆ ಆರೂವರೆಗೆ ಹ್ಯಾಂಡಿಕ್ಯಾಪ್ ಕಮಿಟಿ ಸೇರಿತು. ನಾವು ಮೂರು ಜನ. ಮೊದಲೇ ಹೇಳಿಬಿಟ್ಟೆ: ಭಾನುವಾರ ಎರಡನೇ ಸ್ಥಾನ ನನ್ನದು, ಅವರ ಕಪ್ ಹೋದರೆ ನನಗೆ ಬರುತ್ತೆ, ಹಾಗಾಗಿ ದಾಖಲೆ ಓದಿ ಹೇಳುತ್ತೇನೆ, ತೀರ್ಮಾನಕ್ಕೆ ನಾನಿಲ್ಲ.

ದಾಖಲೆ ನೋಡಿದರೆ ವಿಷಯ ಅಲ್ಲೇ ಇತ್ತು. 20 ಕಾರ್ಡುಗಳು 2021ರವರೆಗೆ ಹಿಂದಕ್ಕೆ ಹೋಗುತ್ತವೆ. ಈ ವರ್ಷದ್ದು ಭಾನುವಾರದ್ದೂ ಸೇರಿ ಮೂರೇ ಮೂರು. ಅವರ 21.4 ಅನ್ನುವ ಸಂಖ್ಯೆ (ಭಾನುವಾರದ 22 ಹೊಡೆತ ಬಂದದ್ದು ಇದರಿಂದಲೇ) ಅವರು ಕೆಲಸದಲ್ಲಿದ್ದಾಗಿನದು. ಆಗ ತಿಂಗಳಿಗೆ ಒಂದು ಸಲ ಬಂದರೆ ಹೆಚ್ಚು. ರಿಟೈರ್ ಆದ ಮೇಲೆ ವಾರಕ್ಕೆ ಮೂರು ಬೆಳಿಗ್ಗೆ ಆಡುತ್ತಾರೆ. ಕೋಚ್ ಹತ್ತಿರ ಪಾಠವನ್ನೂ ಹೇಳಿಸಿಕೊಂಡಿದ್ದಾರೆ. ಮನುಷ್ಯ ಬದಲಾಗಿದ್ದಾನೆ, ಸಂಖ್ಯೆ ಮಾತ್ರ ಅಲ್ಲೇ ಇದೆ.

ಭಾನುವಾರ ಅವರು ಹೊಡೆದದ್ದು 87. ಕೋರ್ಸಿನ ಕಷ್ಟ, ಗಾಳಿಯ ತಿದ್ದುಪಡಿ ಎಲ್ಲ ಸೇರಿ ಹ್ಯಾಂಡಿಕ್ಯಾಪ್ ಲೆಕ್ಕದಲ್ಲಿ ಆ ದಿನದ ಆಟದ ಬೆಲೆ 13.4. ಅವರ ಸಂಖ್ಯೆಗಿಂತ ಪೂರ್ತಿ 8 ಕಡಿಮೆ. 7ರಿಂದ 9.9ರವರೆಗೆ ಕಡಿಮೆ ಬಂದರೆ ಕಂಪ್ಯೂಟರ್ ತಾನಾಗಿ 1 ಕಡಿತ ಮಾಡುತ್ತೆ, 10 ಅಥವಾ ಅದಕ್ಕಿಂತ ಜಾಸ್ತಿ ಆದರೆ 2. ಹೊಸ ಕಾರ್ಡಿನ ಸರಾಸರಿ, ಕಡಿತ ಎರಡೂ ಸೇರಿ ಅವರು 19.4ಕ್ಕೆ ಇಳಿದಿದ್ದರು. ಇದು ಸಾಕೇ, ಕಮಿಟಿ ಇನ್ನೂ ಇಳಿಸಬೇಕೇ ಅನ್ನುವುದು ಪ್ರಶ್ನೆ. ಇಳಿಸುವ ಮುಂಚೆ ಆಟಗಾರನಿಗೆ ತಿಳಿಸಿ, ಅವನ ಮಾತು ಕೇಳಬೇಕು ಅಂತ ನಿಯಮದಲ್ಲೇ ಇದೆ. ಅದಕ್ಕೆ ಅವರನ್ನು ಕರೆಸಿದ್ದೆವು.

ಬಂದರು. ಕೈಯಲ್ಲಿ ಕಪ್ ಇತ್ತು, ಮೇಜಿನ ಮೇಲೆ ಇಟ್ಟರು. ಜೊತೆಗೆ ಒಂದು ಉದ್ದನೆಯ ನೋಟ್‌ಬುಕ್, ರಬ್ಬರ್ ಬ್ಯಾಂಡ್ ಹಾಕಿದ್ದು. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದ ಥರದ್ದು. "ನೋಡ್ರಪ್ಪಾ" ಅಂತ ನಮ್ಮ ಕಡೆ ತಳ್ಳಿದರು.

ಮೂವತ್ತು ವರ್ಷ ಸೈಟಿನಲ್ಲಿ ಮೆಷರ್‌ಮೆಂಟ್ ಬುಕ್ ಬರೆದ ಕೈ. ಒಂದೊಂದು ಬೆಳಗಿಗೂ ಒಂದು ಸಾಲು: ತಾರೀಕು, 18 ಹೋಲಿನ ಸಂಖ್ಯೆ, ಕೊನೆಗೆ ಒಟ್ಟು. ಕೆಂಪು ಪೆನ್ನಿನಲ್ಲಿ ಅಡಿಗೆರೆ. ಗೆಳೆಯರು ಗಿಮ್ಮಿ ಕೊಟ್ಟು (ಹತ್ತಿರದ ಚೆಂಡು ಬಿದ್ದ ಹಾಗೇ ಅಂತ ಒಪ್ಪಿಕೊಂಡು) ಪಟ್ ಹೊಡೆಯದೆ ಬಿಟ್ಟ ಹೋಲುಗಳಿಗೆಲ್ಲ ಸಣ್ಣ ಸುತ್ತು. ಮಳೆ ಬಂದು ಹನ್ನೆರಡನೇ ಹೋಲಿಗೆ ನಿಲ್ಲಿಸಿದ ದಿನ "ಮಳೆ" ಅಂತ ಬರೆದಿದ್ದಾರೆ. 89, 86, 91, 84, 88. ಒಂದು ವರ್ಷದ್ದು ಪೂರ್ತಿ ಇತ್ತು.

"ಇದನ್ನ ಯಾಕೆ ಸಾರ್ ಸಿಸ್ಟಮ್‌ಗೆ ಹಾಕಲಿಲ್ಲ?" ಅಂತ ಕೇಳಿದೆ.

"ಪಂದ್ಯದ ಕಾರ್ಡ್ ಮಾತ್ರ ಹಾಕೋದು ಅಂದ್ಕೊಂಡಿದ್ದೆ ಕಣಪ್ಪ. ಬೆಳಿಗ್ಗೆ ಆಡೋದು ಸುಮ್ನೆ ನಾವು ನಾವೇ. ಆಟಕ್ಕುಂಟು ಲೆಕ್ಕಕ್ಕಿಲ್ಲ. ಯಾರೂ ಹೇಳಲಿಲ್ಲ."

ಯಾರೂ ಹೇಳಲಿಲ್ಲ. ಆ ಮಾತು ನನಗೆ ಚುಚ್ಚಿತು. ಹೇಳಬೇಕಾದವರು ನಾವು ಮೂರು ಜನ. ನೋಟೀಸ್ ಬೋರ್ಡಿನಲ್ಲಿ ನಿಯಮ ಇದೆ, ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ. ಜೊತೆಗೊಬ್ಬರು ಆಡಿ, ನಿಯಮದ ಪ್ರಕಾರ ಆಡಿ, ಕಾರ್ಡಿಗೆ ಸಹಿ ಬಿದ್ದರೆ ಬೆಳಗಿನ ಆಟವೂ ಲೆಕ್ಕಕ್ಕೆ ಬರುತ್ತೆ ಅಂತ ನಾವು ಒಬ್ಬರಿಗಾದರೂ ಬಾಯಿಬಿಟ್ಟು ಹೇಳಿದ್ದೇವಾ? ಕಾರ್ಡ್ ಇಲ್ಲದ ಜಾಗದಲ್ಲೇ ಅನುಮಾನ ಹುಟ್ಟುವುದು. ಆ ಜಾಗ ಖಾಲಿ ಬಿಟ್ಟವರಲ್ಲಿ ನಾನೂ ಒಬ್ಬ.

ಆಮೇಲೆ ನಾನು ಹೊರಗೆ ಹೋಗಿ ವರಾಂಡದಲ್ಲಿ ನಿಂತೆ. ಇಪ್ಪತ್ತು ನಿಮಿಷ. ಒಳಗಿನಿಂದ ಜೋರು ಮಾತು ಕೇಳುತ್ತಿತ್ತು. ಒಬ್ಬರು ಕಪ್ ವಾಪಸ್ ತೆಗೆದುಕೊಳ್ಳಬೇಕು ಅಂತ ಹಟ ಹಿಡಿದಿದ್ದರು. ಇನ್ನೊಬ್ಬರು, ಕ್ಲಬ್ಬೇ ಕೊಟ್ಟ ಸಂಖ್ಯೆಯಲ್ಲಿ ಆಡಿದ್ದಾರೆ, ಬಚ್ಚಿಟ್ಟಿದ್ದು ಏನೂ ಇಲ್ಲ, ಯಾವ ಲೆಕ್ಕದಲ್ಲಿ ವಾಪಸ್ ತಗೋತೀರಿ ಅಂದರು. ಕೊನೆಗೆ ಎರಡನೆಯವರ ಮಾತೇ ನಿಂತಿತು. ಫಲಿತಾಂಶ ಹಾಗೇ ಇರುತ್ತೆ. ಹಳೆಯ ಸಾಲುಗಳಿಗೆ ಸಹಿ ಇಲ್ಲ, ಗಿಮ್ಮಿಗಳೂ ಇವೆ, ಹಾಗಾಗಿ ನೋಟ್‌ಬುಕ್ಕನ್ನು ಹಾಗೇ ಸಿಸ್ಟಮ್‌ಗೆ ಹಾಕಲು ಆಗುವುದಿಲ್ಲ. ಅದನ್ನು ಆಧಾರವಾಗಿ ಇಟ್ಟುಕೊಂಡು ಅವರ ಸಂಖ್ಯೆಯನ್ನು 15.0ಕ್ಕೆ ಇಳಿಸಿದರು. ಎಂಜಿನಿಯರ್ ಸಾರ್ ಒಪ್ಪಿದರು. ಕಪ್ ಮಾತ್ರ ಮೇಜಿನ ಮೇಲೇ ಬಿಟ್ಟು ಎದ್ದರು. ನಾನೇ ಹಿಂದೆ ಹೋಗಿ ಕಾರಿನ ಸೀಟಿನ ಮೇಲೆ ಇಟ್ಟು ಬಂದೆ.

ನನ್ನ ಪ್ರಕಾರ ತೀರ್ಮಾನ ಸರಿ. 36 ಪಾಯಿಂಟ್ ತಂದವನಾಗಿ ಹೇಳುತ್ತಿದ್ದೇನೆ. ಆದರೆ ಭಾನುವಾರ ಆಡಿದ ಎಂಬತ್ತು ಜನಕ್ಕೂ ಅನ್ಯಾಯ ಆಗಿದ್ದು ಸುಳ್ಳಲ್ಲ. 15 ಇರಬೇಕಾದವರ ಎದುರು 21ರ ಲೆಕ್ಕದಲ್ಲಿ ಸೋತರು. ಮೋಸ ಯಾರೂ ಮಾಡಲಿಲ್ಲ, ಅನ್ಯಾಯ ಮಾತ್ರ ಆಯಿತು. ಇದು ಎರಡೂ ಒಟ್ಟಿಗೆ ನಿಜ ಅಂತ ವರಾಂಡದಲ್ಲಿ ಕೂತವರಿಗೆ ಹೇಗೆ ಹೇಳುವುದು? ಅವರಿಗೆ ಒಬ್ಬ ಕಳ್ಳ ಬೇಕು.

ಮನೆಗೆ ಬಂದು ನನ್ನ ದಾಖಲೆ ತೆಗೆದು ನೋಡಿದೆ. ಮೇ ತಿಂಗಳಲ್ಲಿ ಚಿಕ್ಕಮಗಳೂರಿನಲ್ಲಿ ಆಡಿದ್ದೆ, 101 ಹೊಡೆದಿದ್ದೆ. ಆ ಕಾರ್ಡ್ ಇಲ್ಲ. ಮಡಚಿ ಕಸದ ಬುಟ್ಟಿಗೆ ಹಾಕಿದ್ದು ನೆನಪಿದೆ. ಆ ಸಂಖ್ಯೆ ನನ್ನ ಹೆಸರಿನ ಮುಂದೆ ಕಾಣುವುದು ಬೇಡವಾಗಿತ್ತು. ಇದರಿಂದ ನನಗೆ ಲಾಭ ಇಲ್ಲ, ಕೆಟ್ಟ ಕಾರ್ಡ್ ಬಿಟ್ಟರೆ ಹ್ಯಾಂಡಿಕ್ಯಾಪ್ ಕಡಿಮೆಯಾಗಿ ಕಾಣುತ್ತೆ ಅಷ್ಟೇ. ಇಂಥವರನ್ನು ಯಾರೂ ಬ್ಯಾಂಡಿಟ್ ಅನ್ನುವುದಿಲ್ಲ. ಆದರೆ ಜೋಡಿ ಆಟದಲ್ಲಿ ನನ್ನ ಜೊತೆಗಾರ ಆ ಸುಳ್ಳಿನ ಬೆಲೆ ಕಟ್ಟುತ್ತಾನೆ. ಅವರ ನೋಟ್‌ಬುಕ್ಕಿನಲ್ಲಿ 91 ಇತ್ತು, 84 ಇತ್ತು, ಮಳೆಯೂ ಇತ್ತು. ನನ್ನದರಲ್ಲಿ 101 ಇಲ್ಲ. ನಾಳೆಯೇ ಕಮಿಟಿಗೆ ಬರೆದು ತಿಳಿಸುತ್ತೇನೆ.

ಒಂಬತ್ತು ಗಂಟೆಗೆ ಎಂಜಿನಿಯರ್ ಸಾರ್‌ಗೆ ಫೋನ್ ಮಾಡಿದೆ. "ನಾಳೆ ಬೆಳಿಗ್ಗೆ ಆರೂ ಕಾಲಿಗೆ ನಿಮ್ಮ ಜೊತೆ ಆಡ್ತೀನಿ ಸಾರ್. ನಿಮ್ಮ ಕಾರ್ಡ್ ನಾನು ಬರೀತೀನಿ, ನನ್ನದು ನೀವು ಬರೀರಿ." ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಗಿಮ್ಮಿ ಇಲ್ಲ ತಾನೇ?" ಅಂದರು.

"ಇಲ್ಲ ಸಾರ್. ಎಲ್ಲಾ ಹೊಡೀಬೇಕು."

"ಸರಿ ಬಾಪ್ಪ."

ಭಾನುವಾರ "ಬ್ಯಾಂಡಿಟ್" ಅಂದವರಿಗೂ ಮೆಸೇಜ್ ಹಾಕಿದ್ದೇನೆ. ಮೂರನೆಯವರಾಗಿ ಬನ್ನಿ, ಅವರ ಆಟ ಪಕ್ಕದಲ್ಲೇ ನಿಂತು ನೋಡಿ, ಕೇಳುವುದಿದ್ದರೆ ಅವರನ್ನೇ ಕೇಳಿ ಅಂತ. ಓದಿದ್ದಾರೆ, ಎರಡು ನೀಲಿ ಗೆರೆ ಬಿದ್ದಿವೆ. ಈಗ ಹನ್ನೊಂದೂವರೆ. ಇನ್ನೂ ಉತ್ತರ ಬಂದಿಲ್ಲ.